ತಿದ್ದುಪಡಿಗೂ ಕಾರಣ ಬೇಕು

ಚಿಪ್ಪಿನ ಪಿನ್ನುಗಳನ್ನು ನೋಡಿಕೊಳ್ಳುವ ತಂತ್ರಾಂಶವೇ ಪಿನ್ ಡ್ರೈವರ್. ಗುಂಡಿ ಒತ್ತಿದೊಡನೆ ಪಿನ್ನಿನ ಮೂಲಕ ಪ್ರೊಸೆಸರಿಗೆ ಮುಟ್ಟುವ ಕರೆ ಇಂಟರಪ್ಟ್. ಆ ಕರೆಗೆ ಓಗೊಡುವ ಹ್ಯಾಂಡ್ಲರ್ ಸಿದ್ಧವಾಗುವ ಮೊದಲೇ ಇಂಟರಪ್ಟ್ ತೆರೆದರೆ, ಅಥವಾ ಬೂಟ್‌ಲೋಡರ್ ಉಳಿಸಿಹೋದ ಹಳೆಯ ಕರೆಯನ್ನು ಅಳಿಸದೆ ತೆರೆದರೆ, ಯಂತ್ರವು ಏಳುವಾಗಲೇ ಮುಗ್ಗರಿಸಬಹುದು. ಪರಿಹಾರವೋ ಕೆಲವೊಮ್ಮೆ ಎರಡು ಸಾಲುಗಳ ಸ್ಥಾನಪಲ್ಲಟವಷ್ಟೆ.

ಲಿನಕ್ಸ್ ಕರ್ನೆಲ್ ಸಮುದಾಯಕ್ಕೆ ಅಷ್ಟೇ ಸಾಲದು. ದೋಷವೇನು, ಏಕೆ ಸಂಭವಿಸಿತು ಎಂಬುದನ್ನು ತಿದ್ದಿದವರು ಗದ್ಯದಲ್ಲಿ ವಿವರಿಸಬೇಕು. ಯಾವ ಹಿಂದಿನ ಬದಲಾವಣೆಯಿಂದ ಅದು ಒಳಹೊಕ್ಕಿತೋ ಅದರ ಗುರುತಿನ ಮೊದಲ 12 ಅಕ್ಷರಗಳನ್ನಾದರೂ ‘ಫಿಕ್ಸಸ್’ ಎಂಬ ಸಾಲಿನಲ್ಲಿ ನಮೂದಿಸಬೇಕು. ಹಳೆಯ ಆವೃತ್ತಿಗಳನ್ನು ಕಾಪಾಡುವವರಿಗೆ ಅದೇ ದಾರಿದೀಪ.

ಗ್ರಂಥಸಂಪಾದನೆಯನ್ನು ಓದುವ ವಿದ್ಯಾರ್ಥಿಗಳಿಗೆ ಈ ಶಿಸ್ತು ಅಪರಿಚಿತವಲ್ಲ. ಓಲೆಪ್ರತಿಯ ಪಾಠವನ್ನು ತಿದ್ದಿದ ಸಂಪಾದಕನು ಮೂಲಪಾಠವನ್ನು ಅಡಿಯಲ್ಲಿ ಕೊಡದೆ ಹೋದರೆ, ಮುಂದಿನ ಓದುಗನಿಗೆ ಆ ತಿದ್ದುಪಡಿಯನ್ನು ಪರೀಕ್ಷಿಸುವ ಮಾರ್ಗವೇ ಮುಚ್ಚಿಹೋಗುತ್ತದೆ. ಆದರೂ ಐಚ್ಛಿಕ ಕನ್ನಡದ ತರಗತಿಗಳಲ್ಲಿ ಕಾರಣ ಹೇಳುವ ಗದ್ಯದ ಅಭ್ಯಾಸ ವಿರಳ. ಭಾವವನ್ನು ಬಣ್ಣಿಸಬಲ್ಲ ವಿದ್ಯಾರ್ಥಿಯು ಒಂದು ಯಂತ್ರದೋಷವನ್ನು ಹತ್ತು ವಾಕ್ಯಗಳಲ್ಲಿ ಕನ್ನಡದಲ್ಲೇ ತಿಳಿಯಹೇಳಲೂ ಕಲಿಯಬೇಕು. ಆ ಹತ್ತು ವಾಕ್ಯಗಳಿಗೂ ಪರೀಕ್ಷೆಯಲ್ಲಿ ಅಂಕವಿರಲಿ.