ಬಿಲ್ಲೆಯ ಮೇಲಿನ ಸಂಖ್ಯೆ, ಕಿಸೆಯೊಳಗಿನ ರೂಪಾಯಿ

ಕಾರವಾರ: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದರ ಬೆನ್ನಿಗೇ ದೇಶದ ಪ್ರಮುಖ ಪೋಕರ್ ಮತ್ತು ರಮ್ಮಿ ತಾಣಗಳು ಹಣದಾಟವನ್ನು ನಿಲ್ಲಿಸಿದವು. ಮೊಬೈಲಿನೊಳಗಿನ ಜೂಜುಕಟ್ಟೆಗೆ ಹೀಗೆ ಬೀಗ ಬಿದ್ದರೂ ಗಡಿಯಾಚೆಗಿನ ಮೇಜುಗಳಿಗೆ ಅದು ತಟ್ಟಲಿಲ್ಲ. ಕಾಳಿ ಸೇತುವೆಯನ್ನು ದಾಟಿ, ಸದಾಶಿವಗಡ, ಮಾಜಾಳಿಗಳನ್ನು ಹಿಂದಿಕ್ಕಿ, ಕಾರವಾರದಿಂದ ಸುಮಾರು ನೂರು ಕಿಲೋಮೀಟರ್ ಸಾಗಿದರೆ ಪಣಜಿ. ಅಲ್ಲಿ ಮಾಂಡೋವಿ ನದಿಯಲ್ಲಿ ಲಂಗರು ಹಾಕಿರುವ ಕ್ಯಾಸಿನೊ ಹಡಗುಗಳು ಗೋವಾದ ಕಾನೂನಿನ ಅನುಮತಿ ಪಡೆದೇ ನಡೆಯುತ್ತಿವೆ. ರೂಲೆಟ್, ಅಂದರ್-ಬಾಹರ್‌ಗಳ ಜೊತೆಗೆ ಪೋಕರ್ ಟೂರ್ನಿಗಳಿಗೂ ಗೋವಾ ಹೆಸರಾಗಿದೆ.

ಅಂಕೋಲೆಯಿಂದಲೋ ಕಾರವಾರದಿಂದಲೋ ಹೊರಟು ಇಂಥ ಟೂರ್ನಿಯೊಂದರಲ್ಲಿ ಮೊದಲ ಬಾರಿ ಕೂರುವ ಯುವಕನ ಮುಂದೆ ಒಂದು ವಿಚಿತ್ರ ದೃಶ್ಯ ತೆರೆದುಕೊಳ್ಳುತ್ತದೆ. ಆತ ಕಟ್ಟಿದ್ದು ಸಾವಿರ ರೂಪಾಯಿ. ಮುಂದೆ ಪೇರಿಸಿಟ್ಟ ಬಿಲ್ಲೆಗಳ ಮೇಲಿನ ಮೊತ್ತ ಹತ್ತು ಸಾವಿರ. ಗಂಟೆ ಕಳೆಯುವುದರೊಳಗೆ ಅದು ಇಪ್ಪತ್ತು ಸಾವಿರವಾದರೆ ತಾನು ಎರಡು ಸಾವಿರ ರೂಪಾಯಿಯ ಒಡೆಯನಾದೆನೆಂದು ಆತ ಭಾವಿಸುತ್ತಾನೆ. ಈ ಲೆಕ್ಕ ತಪ್ಪು. ಇದು ತಪ್ಪೆಂದು ತಿಳಿದವರಿಗೂ ತಿಳಿಯದವರಿಗೂ ನಡುವಿನ ಅಂತರದಲ್ಲಿಯೇ ಟೂರ್ನಿ ಪೋಕರ್‌ನ ಹಣ ಕೈಬದಲಾಗುತ್ತದೆ. ಆದ್ದರಿಂದ ಆಡುವವರು ಮಾತ್ರವಲ್ಲ, ಆಡುವ ಮಕ್ಕಳಿರುವ ಮನೆಯವರೂ ಈ ಲೆಕ್ಕವನ್ನು ಅರಿಯುವುದು ಒಳಿತು.

ಎರಡು ಬಗೆಯ ಬಿಲ್ಲೆ

ಪೋಕರ್ ಎರಡು ರೀತಿಯಲ್ಲಿ ನಡೆಯುತ್ತದೆ. ಮೊದಲನೆಯದು ನಗದು ಆಟ. ಇಲ್ಲಿ ಐನೂರರ ಬಿಲ್ಲೆಯೆಂದರೆ ಐನೂರು ರೂಪಾಯಿಯೇ. ಬೇಕೆನಿಸಿದಾಗ ಎದ್ದು ಹೋಗಿ ಗಲ್ಲೆಯಲ್ಲಿ ಕೊಟ್ಟು ನೋಟು ಪಡೆಯಬಹುದು. ಎರಡನೆಯದು ಟೂರ್ನಿ. ಇಲ್ಲಿ ಎಲ್ಲರೂ ಸಮಾನ ಪ್ರವೇಶ ಶುಲ್ಕ ಕಟ್ಟಿ ಸಮಾನ ಬಿಲ್ಲೆಗಳನ್ನು ಪಡೆಯುತ್ತಾರೆ. ಬಿಲ್ಲೆ ಮುಗಿದವನು ಹೊರಬೀಳುತ್ತಾನೆ. ಕೊನೆಯವರೆಗೆ ಉಳಿದ ಕೆಲವರಿಗೆ, ಉಳಿದ ಕ್ರಮಾಂಕಕ್ಕೆ ತಕ್ಕಂತೆ ಬಹುಮಾನ ಸಲ್ಲುತ್ತದೆ. ನಡುವೆ ಎದ್ದು ಹೋಗಿ ಬಿಲ್ಲೆಗಳನ್ನು ಹಣವಾಗಿಸಿಕೊಳ್ಳುವಂತಿಲ್ಲ. ಟೂರ್ನಿಯ ಬಿಲ್ಲೆಗಳ ಮೇಲೆ ‘ನಗದು ಮೌಲ್ಯವಿಲ್ಲ’ ಎಂದು ಹಲವೆಡೆ ಮುದ್ರಿಸುವುದೂ ಉಂಟು. ನೋಡಲು ಎರಡೂ ಒಂದೇ ಬಗೆಯ ಬಿಲ್ಲೆಗಳಾದ್ದರಿಂದ ಗೊಂದಲ ಇಲ್ಲಿಂದಲೇ ಆರಂಭವಾಗುತ್ತದೆ.

ಇದಕ್ಕೆ ಒಂದು ದೊಡ್ಡ ಉದಾಹರಣೆ 2006ರ ಲಾಸ್ ವೇಗಸ್‌ನದು. ಆ ವರ್ಷದ ವಿಶ್ವ ಪೋಕರ್ ಸರಣಿಯ ಮುಖ್ಯ ಸ್ಪರ್ಧೆಯಲ್ಲಿ 8,773 ಮಂದಿ ತಲಾ ಹತ್ತು ಸಾವಿರ ಡಾಲರ್ ಕಟ್ಟಿದ್ದರು. ಪ್ರತಿಯೊಬ್ಬರಿಗೂ ಹತ್ತು ಸಾವಿರ ಮೊತ್ತದ ಬಿಲ್ಲೆಗಳು ದೊರೆತವು. ಅಂದರೆ ಆರಂಭದಲ್ಲಿ ಒಂದು ಡಾಲರಿಗೆ ಒಂದು ಅಂಕ. ಹೀಗೆ ವಿತರಣೆಯಾದ ಒಟ್ಟು ಮೊತ್ತ ಸುಮಾರು 8.77 ಕೋಟಿ. ಟೂರ್ನಿ ಮುಗಿದಾಗ ಬಿಲ್ಲೆಗಳೆಲ್ಲವೂ ವಿಜೇತನೊಬ್ಬನ ಮುಂದೆಯೇ ಇದ್ದವು. ಆತನ ಕೈಸೇರಿದ ಬಹುಮಾನವಾದರೋ 1.2 ಕೋಟಿ ಡಾಲರ್. ಒಂದು ಡಾಲರ್ ಕೊಟ್ಟು ಪಡೆದ ಅಂಕಕ್ಕೆ ಕೊನೆಯಲ್ಲಿ ಹದಿನಾಲ್ಕು ಸೆಂಟುಗಳೂ ಹುಟ್ಟಲಿಲ್ಲ. ಉಳಿದ ಹಣ ಎರಡನೆಯ, ಮೂರನೆಯ ಹಾಗೂ ನಂತರದ ನೂರಾರು ಸ್ಥಾನಗಳಿಗೆ ಹಂಚಿಹೋಗಿತ್ತು. ಹಾಗೆ ಬಹುಮಾನ ಪಡೆದವರ ಮುಂದೆ ಒಂದೇ ಒಂದು ಬಿಲ್ಲೆಯೂ ಉಳಿದಿರಲಿಲ್ಲ.

ಹತ್ತು ಮಂದಿಯ ಲೆಕ್ಕ

ಇದನ್ನೇ ಸಣ್ಣ ಪ್ರಮಾಣದಲ್ಲಿ ನೋಡೋಣ. ಹತ್ತು ಮಂದಿ ತಲಾ 1,000 ರೂ. ಕಟ್ಟಿದರೆಂದು ಭಾವಿಸಿ. ಒಟ್ಟು ಬಹುಮಾನ 10,000 ರೂ. ಮೊದಲನೆಯವನಿಗೆ 5,000, ಎರಡನೆಯವನಿಗೆ 3,000, ಮೂರನೆಯವನಿಗೆ 2,000. ಪ್ರತಿಯೊಬ್ಬರ ಮುಂದೆ ಹತ್ತು ಸಾವಿರದ ಬಿಲ್ಲೆಗಳು. ಎಲ್ಲರೂ ಸಮಾನ ಚತುರರು. ಆರಂಭದಲ್ಲಿಯೇ ಇಬ್ಬರು ತಮ್ಮ ಇದ್ದಬದ್ದ ಬಿಲ್ಲೆಗಳನ್ನೆಲ್ಲ ಪಣಕ್ಕೊಡ್ಡಿ, ಒಬ್ಬ ಹೊರಬಿದ್ದು ಇನ್ನೊಬ್ಬನ ಮೊತ್ತ ಇಪ್ಪತ್ತು ಸಾವಿರವಾಯಿತು ಎನ್ನೋಣ.

ಗೆದ್ದವನಿಗೆ ಈಗ ಮೊದಲ ಸ್ಥಾನ ದಕ್ಕುವ ಸಂಭವ ನೂರಕ್ಕೆ 20. ಎರಡನೆಯ ಸ್ಥಾನದ ಸಂಭವ ನೂರಕ್ಕೆ ಸುಮಾರು 17.8, ಮೂರನೆಯದಕ್ಕೆ ಸುಮಾರು 15.6. ಈ ಸಂಭವಗಳನ್ನು ಆಯಾ ಬಹುಮಾನಗಳಿಂದ ಗುಣಿಸಿ ಕೂಡಿದರೆ ಬರುವುದು ಸುಮಾರು 1,844 ರೂ. ಬಿಲ್ಲೆ ದ್ವಿಗುಣವಾಯಿತು, ಹಣ ದ್ವಿಗುಣವಾಗಲಿಲ್ಲ. ಉಳಿದ 156 ರೂಪಾಯಿ ಎಲ್ಲಿ ಹೋಯಿತು? ಕೈಕಟ್ಟಿ ಕುಳಿತಿದ್ದ ಉಳಿದ ಎಂಟು ಮಂದಿಯ ಪಾಲಿಗೆ, ತಲಾ ಹತ್ತೊಂಬತ್ತು ರೂಪಾಯಿಗಿಂತ ತುಸು ಹೆಚ್ಚಾಗಿ, ಸೇರಿತು. ಸ್ಪರ್ಧಿಯೊಬ್ಬ ಕಡಿಮೆಯಾದದ್ದರಿಂದ ಅವರೆಲ್ಲರೂ ಬಹುಮಾನಕ್ಕೆ ಒಂದು ಹೆಜ್ಜೆ ಹತ್ತಿರವಾದರು.

ಅಂದರೆ ಆ ಯುವಕ 1,000 ರೂ. ಮೌಲ್ಯವನ್ನು ಪಣಕ್ಕಿಟ್ಟದ್ದು 844 ರೂಪಾಯಿಯ ಗಳಿಕೆಗಾಗಿ. ಇಂಥ ಪಣ ಸರಿದೂಗಬೇಕಾದರೆ ಗೆಲ್ಲುವ ಸಂಭವ ನೂರಕ್ಕೆ 50 ಇದ್ದರೆ ಸಾಲದು, 54ಕ್ಕಿಂತ ಹೆಚ್ಚಿರಬೇಕು. ಬೈತಖೋಲ ಬಂದರಿನಲ್ಲಿ ಬಂಗುಡೆಯ ಬುಟ್ಟಿಗಳು ಹೆಚ್ಚಿದಷ್ಟೂ ಒಂದು ಬುಟ್ಟಿಯ ದರ ಇಳಿಯುವಂತೆ, ಟೂರ್ನಿಯಲ್ಲಿ ಒಬ್ಬನ ಮುಂದೆ ಬಿಲ್ಲೆ ರಾಶಿಬಿದ್ದಷ್ಟೂ ಒಂದೊಂದು ಬಿಲ್ಲೆಯ ಬೆಲೆ ಇಳಿಯುತ್ತದೆ.

ಈ ಲೆಕ್ಕದ ಕ್ರಮಕ್ಕೆ ಪೋಕರ್ ವಲಯದಲ್ಲಿ ‘ಐಸಿಎಂ’ ಎಂಬ ಹೆಸರಿದೆ. ಅನೇಕ ಸ್ಪರ್ಧಿಗಳಿರುವ ಪಂದ್ಯದಲ್ಲಿ ಯಾರು ಯಾವ ಸ್ಥಾನ ಪಡೆಯಬಹುದೆಂಬ ಸಂಭವವನ್ನು ಗುಣಿಸುವ ಸೂತ್ರವನ್ನು 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಹಾರ್ವಿಲ್ ಮಂಡಿಸಿದ್ದರು. ಅದನ್ನು ಪೋಕರ್ ಟೂರ್ನಿಗೆ ಅನ್ವಯಿಸಿದವರು 1987ರಲ್ಲಿ ಮೇಸನ್ ಮಾಲ್ಮತ್. ಮೊದಲು ಅಭಿವೃದ್ಧಿಗೊಂಡದ್ದು ಕುದುರೆ ಪಂದ್ಯದಂಥ ಸ್ಪರ್ಧೆಗಳಿಗಾಗಿ ಎಂಬುದು ಗಮನಾರ್ಹ.

ಕೊನೆಯ ಮೂವರು

ತಪ್ಪು ಲೆಕ್ಕ ಹೆಚ್ಚು ದುಬಾರಿಯಾಗುವುದು ಕೊನೆಯ ಹಂತದಲ್ಲಿ. ಮೇಲಿನ ಟೂರ್ನಿಯಲ್ಲಿಯೇ ಕೊನೆಗೆ ಮೂವರು ಉಳಿದು, ಅವರ ಬಳಿ ಅನುಕ್ರಮವಾಗಿ 50 ಸಾವಿರ, 30 ಸಾವಿರ, 20 ಸಾವಿರದ ಬಿಲ್ಲೆಗಳಿವೆ ಎನ್ನಿ. ಆಟ ನಿಲ್ಲಿಸಿ ಬಹುಮಾನವನ್ನು ಹಂಚಿಕೊಳ್ಳೋಣವೆಂಬ ಮಾತು ಬರುತ್ತದೆ. ಇಂಥ ಒಪ್ಪಂದಗಳು ಟೂರ್ನಿಗಳಲ್ಲಿ ಸಾಮಾನ್ಯ. ಬಿಲ್ಲೆಗಳ ಪ್ರಮಾಣದಲ್ಲಿ ಹಂಚಿದರೆ 5,000, 3,000, 2,000. ಮೇಲ್ನೋಟಕ್ಕೆ ನ್ಯಾಯ. ಆದರೆ ಮೂರನೆಯವನು ಈ ಕ್ಷಣವೇ ಸೋತರೂ 2,000 ರೂ. ಅವನಿಗೆ ಖಚಿತ. ಒಪ್ಪಂದದಿಂದ ಅವನಿಗೆ ದೊರೆತದ್ದು ಶೂನ್ಯ. ಮೊದಲನೆಯವನಿಗಾದರೋ ಇನ್ನೂ ಗೆಲ್ಲದ ಪ್ರಥಮ ಬಹುಮಾನ ಪೂರ್ತಿಯಾಗಿ ದಕ್ಕಿತು.

ಸಂಭವದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅದರ ಪ್ರಕಾರ ಮೂವರ ಪಾಲು ಸುಮಾರು 3,839, 3,275 ಮತ್ತು 2,886 ರೂ. ಮೊದಲನೆಯವನ ಹದಿಮೂರು ಅಂಕಗಳು ಸೇರಿ ಒಂದು ರೂಪಾಯಿಯಾದರೆ, ಮೂರನೆಯವನ ಏಳು ಅಂಕಗಳಿಗೇ ಒಂದು ರೂಪಾಯಿ. ಒಂದೇ ಮೇಜು, ಒಂದೇ ಬಣ್ಣದ ಬಿಲ್ಲೆ, ಆದರೂ ಬೆಲೆ ಎರಡು. ಈ ಲೆಕ್ಕ ಅರಿಯದ ಮೂರನೆಯವನು ಪ್ರಮಾಣದ ಹಂಚಿಕೆಗೆ ತಲೆದೂಗಿದರೆ ಒಂದೇ ಮಾತಿನಲ್ಲಿ 886 ರೂಪಾಯಿಯನ್ನು ಬಿಟ್ಟುಕೊಟ್ಟಂತಾಗುತ್ತದೆ. ಲಕ್ಷಗಟ್ಟಲೆ ಬಹುಮಾನವಿರುವ ಟೂರ್ನಿಗಳಲ್ಲಿ ಈ ಅಂತರವೂ ಅದೇ ಅನುಪಾತದಲ್ಲಿ ಹಿಗ್ಗುತ್ತದೆ.

ಸಂಘಟಕರ ಪಾಲು, ತೆರಿಗೆಯ ಪಾಲು

ಇಷ್ಟರವರೆಗಿನ ಲೆಕ್ಕದಲ್ಲಿ ಕಟ್ಟಿದ ಹಣವೆಲ್ಲವೂ ಬಹುಮಾನವಾಗಿ ಮರಳುತ್ತದೆ ಎಂದು ಭಾವಿಸಿದೆವು. ವಾಸ್ತವದಲ್ಲಿ ಸಂಘಟಕರು ತಮ್ಮ ಪಾಲನ್ನು ಮೊದಲೇ ತೆಗೆದಿರಿಸುತ್ತಾರೆ. ಪ್ರವೇಶಕ್ಕೆ 1,100 ರೂ. ಪಡೆದು 1,000 ರೂ. ಮಾತ್ರ ಬಹುಮಾನ ನಿಧಿಗೆ ಸೇರಿಸಿದರೆ, ಹತ್ತು ಮಂದಿ ಸೇರಿ ತೆತ್ತದ್ದು 11,000, ಮರಳಿ ಪಡೆದದ್ದು 10,000. ಯಾರೇ ಗೆಲ್ಲಲಿ, ಮೇಜಿನ ಸುತ್ತ ಕುಳಿತವರೆಲ್ಲರ ಒಟ್ಟು ಫಲ ಸಾವಿರ ರೂಪಾಯಿಯ ನಷ್ಟ.

ಸೋತವನಿಗೆ ಮತ್ತೆ ಹಣ ಕಟ್ಟಿ ಆಟಕ್ಕೆ ಮರಳಲು ಹಲವು ಟೂರ್ನಿಗಳಲ್ಲಿ ಅವಕಾಶವಿದೆ. ನಾಲ್ಕು ಬಾರಿ ಪ್ರವೇಶಿಸಿದವನು 4,400 ರೂ. ತೆತ್ತಿರುತ್ತಾನೆ. ಕೊನೆಗೆ 3,000 ರೂ. ಬಹುಮಾನ ಪಡೆದರೂ ಅವನಿಗೆ 1,400 ರೂ. ನಷ್ಟ. ಆದರೂ ಊರಿಗೆ ಮರಳುವಾಗ ಗೆದ್ದವನೆಂದೇ ಮರಳುತ್ತಾನೆ. ಗೆಳೆಯರಿಗೆ ಹೇಳುವುದು ಮೂರು ಸಾವಿರದ ಕಥೆಯನ್ನೇ.

ಇದರ ಮೇಲೆ ತೆರಿಗೆ. ಆನ್‌ಲೈನ್ ಹಣದಾಟ, ಕ್ಯಾಸಿನೊ ಮತ್ತು ಕುದುರೆ ಪಂದ್ಯಗಳಲ್ಲಿ ಕಟ್ಟುವ ಪೂರ್ಣ ಮೊತ್ತದ ಮೇಲೆ ಶೇ. 28ರ ಜಿಎಸ್‌ಟಿ ವಿಧಿಸುವ ಕ್ರಮ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಆ ದರ ಶೇ. 40ಕ್ಕೇರಿತು. ಕ್ಯಾಸಿನೊದಲ್ಲಿ ಈ ತೆರಿಗೆಗೆ ಆಧಾರ ಬಿಲ್ಲೆ ಕೊಳ್ಳಲು ಅಥವಾ ಆಟಕ್ಕೆ ಸೇರಲು ತೆತ್ತ ಹಣವೇ ಹೊರತು ಮೇಜಿನ ಮೇಲೆ ಏರಿಳಿಯುವ ಸಂಖ್ಯೆಯಲ್ಲ. ಗೆದ್ದ ಹಣದ ಮೇಲೆ ಶೇ. 30ರ ಆದಾಯ ತೆರಿಗೆ ಬೇರೆ. ಅದರಿಂದ ಖರ್ಚನ್ನಾಗಲೀ ಹಿಂದಿನ ಸೋಲನ್ನಾಗಲೀ ಕಳೆಯುವಂತಿಲ್ಲ. ತೆರಿಗೆ ಇಲಾಖೆ ರೂಪಾಯಿಯನ್ನು ಎಣಿಸುತ್ತದೆ, ಸಂಘಟಕರು ರೂಪಾಯಿಯನ್ನು ಎಣಿಸುತ್ತಾರೆ. ಬಿಲ್ಲೆ ಎಣಿಸುವವನು ಆಟಗಾರನೊಬ್ಬನೇ.

ಕೌಶಲದ ವಾದ

ಪೋಕರ್ ಜೂಜೋ ಕೌಶಲದ ಆಟವೋ ಎಂಬ ಚರ್ಚೆ ರಾಜ್ಯಕ್ಕೆ ಹೊಸತಲ್ಲ. ಕೌಶಲದಿಂದ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿಯೇ ಹೇಳಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ ಸರಕಾರ 2021ರಲ್ಲಿ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಅಂಶಗಳನ್ನು ಅದೇ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಕೇಂದ್ರ ಕಾಯ್ದೆ ಕೌಶಲ, ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಹಣ ನಿರೀಕ್ಷಿಸುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಹಣ ಕೊಟ್ಟು ಕೊಳ್ಳುವ ಟೋಕನ್, ನಾಣ್ಯ, ಕ್ರೆಡಿಟ್‌ಗಳನ್ನೂ ಅದು ಪಣವೆಂದೇ ಪರಿಗಣಿಸುತ್ತದೆ. ಆಡುವವರಿಗೆ ಶಿಕ್ಷೆಯಿಲ್ಲ; ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂ.ವರೆಗೆ ದಂಡ. ಇದನ್ನು ಪ್ರಶ್ನಿಸಿ ವಿವಿಧ ಹೈಕೋರ್ಟ್‌ಗಳಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಮೇಲಿನ ಲೆಕ್ಕಗಳನ್ನು ನೋಡಿದವರಿಗೆ ಟೂರ್ನಿ ಪೋಕರ್‌ನಲ್ಲಿ ಕೌಶಲವಿದೆ ಎಂಬುದರಲ್ಲಿ ಸಂಶಯ ಉಳಿಯದು. ಆದರೆ ಕೌಶಲವಿದೆ ಎಂಬುದು ಹೊಸಬನಿಗೆ ಸಮಾಧಾನದ ಮಾತಲ್ಲ, ಎಚ್ಚರಿಕೆಯ ಮಾತು. ಶುದ್ಧ ಅದೃಷ್ಟದ ಆಟದಲ್ಲಿ ಅರಿಯದವನಿಗೂ ಅರಿತವನಿಗೂ ಸಮಾನ ಅವಕಾಶವಿರುತ್ತದೆ. ಕೌಶಲದ ಆಟದಲ್ಲಿ ಅರಿತವನ ಗಳಿಕೆಗೆ ಮೂಲ ಅರಿಯದವನ ಪ್ರವೇಶ ಶುಲ್ಕವೇ. ಕೌಶಲ ಹಣವನ್ನು ಹುಟ್ಟಿಸುವುದಿಲ್ಲ, ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಸಾಗಿಸುತ್ತದೆ.

ಗಡಿಯ ಈಚೆ

ಆಟ ಒಂದು ರಾಜ್ಯದಲ್ಲಿ, ಹಣ ಇನ್ನೊಂದು ರಾಜ್ಯದ್ದು ಎಂಬ ತೊಡಕು ಕೂಡ ಹಳೆಯದು. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಮೂಲಕ ನಡೆಯುತ್ತಿದ್ದ ಪದಬಂಧ ಸ್ಪರ್ಧೆಗೆ ಮುಂಬಯಿ ರಾಜ್ಯದವರೂ ಶುಲ್ಕ ಕಟ್ಟುತ್ತಿದ್ದರು. 1956ರ ನವೆಂಬರ್ 1ರವರೆಗೆ ಕಾರವಾರವೂ ಆ ರಾಜ್ಯದಲ್ಲಿಯೇ ಇತ್ತು. ಮುಂಬಯಿ ಸರಕಾರ ಅದರ ಮೇಲೆ ಹೇರಿದ ತೆರಿಗೆಯ ವಿವಾದ ಸುಪ್ರೀಂ ಕೋರ್ಟ್ ತಲುಪಿತು. ಸ್ಪರ್ಧೆ ಮೈಸೂರು ರಾಜ್ಯದಿಂದ ನಡೆದರೂ ಜನರಿಂದ ಹಣ ಸಂಗ್ರಹವಾಗುವ ರಾಜ್ಯಕ್ಕೆ ಅದರಲ್ಲಿ ಹಿತಾಸಕ್ತಿಯಿದೆ ಎಂಬುದನ್ನು 1957ರಲ್ಲಿ ಆ ನ್ಯಾಯಾಲಯ ಒಪ್ಪಿಕೊಂಡಿತು.

ಇಂದು ಹಣ ಹರಿಯುವ ದಿಕ್ಕು ಬದಲಾಗಿದೆ. ಗೋವಾ 1992ರಲ್ಲಿ ಪಂಚತಾರಾ ಹೋಟೆಲುಗಳ ಜೂಜುಯಂತ್ರಗಳಿಗೆ, 1996ರಲ್ಲಿ ನೀರಿನ ಮೇಲಿನ ಹಡಗುಗಳಿಗೆ ತನ್ನ ಕಾನೂನಿನಲ್ಲಿ ಅವಕಾಶ ಕಲ್ಪಿಸಿತು. ಆದರೆ 2020ರ ಫೆಬ್ರವರಿ 1ರಿಂದ ಸ್ವಂತ ನಿವಾಸಿಗಳು ಕ್ಯಾಸಿನೊಗಳಲ್ಲಿ ಆಡುವುದನ್ನು ನಿರ್ಬಂಧಿಸಿತು. ಕಾಣಕೋಣದ ಯುವಕನಿಗೆ ಮುಚ್ಚಿದ ಬಾಗಿಲು ಮಾಜಾಳಿಯ ಯುವಕನಿಗೆ ತೆರೆದಿದೆ. ತನ್ನವರನ್ನು ರಕ್ಷಿಸಿಕೊಂಡ ಗೋವಾವನ್ನು ದೂರಿ ಫಲವಿಲ್ಲ. ಬೇರೆ ರಾಜ್ಯದ ಆಡಳಿತ ನಮ್ಮ ಮಕ್ಕಳ ಲೆಕ್ಕವನ್ನು ಬರೆದಿಡಲಿ ಎಂದು ನಿರೀಕ್ಷಿಸುವುದೂ ಸಲ್ಲ.

ಟೂರ್ನಿಗೆ ಸೇರುವ ಮುನ್ನ ಶುಲ್ಕದಲ್ಲಿ ಸಂಘಟಕರ ಪಾಲೆಷ್ಟು, ಬಹುಮಾನ ಎಷ್ಟು ಸ್ಥಾನಗಳಿಗೆ, ತೆರಿಗೆ ಕಳೆದು ಕೈಗೆ ಬರುವುದೆಷ್ಟು ಎಂಬುದನ್ನು ಕನ್ನಡ, ಕೊಂಕಣಿಗಳಲ್ಲಿಯೂ ಬರೆದು ತೋರಿಸಬೇಕೆಂದು ಉಭಯ ರಾಜ್ಯಗಳೂ ಒಪ್ಪಿಕೊಂಡರೆ ಅದೊಂದು ಸಣ್ಣ ಆದರೆ ಉಪಯುಕ್ತ ಹೆಜ್ಜೆಯಾದೀತು. ಕಾರವಾರ, ಅಂಕೋಲೆಗಳ ಕಾಲೇಜುಗಳಲ್ಲಿ ಸಂಭವನೀಯತೆಯ ಪಾಠ ಹೇಳುವ ಗಣಿತದ ಅಧ್ಯಾಪಕರು ಹತ್ತು ಮಂದಿಯ ಈ ಲೆಕ್ಕವನ್ನು ಒಮ್ಮೆ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದರೂ ಸಾಕು. ಅಲ್ಲಿಯವರೆಗೆ ಗಡಿ ದಾಟುವವರು ನೆನಪಿಡಬೇಕಾದದ್ದು ಒಂದೇ: ಮೇಜಿನ ಮೇಲಿನ ಬಿಲ್ಲೆಗಳನ್ನು ಎಷ್ಟು ಬಾರಿ ಎಣಿಸಿದರೂ ಅದು ಹಣದ ಲೆಕ್ಕವಾಗದು. ಹಣದ ಲೆಕ್ಕ ಮನೆಯಿಂದ ಹೊರಡುವಾಗ ಕಿಸೆಯಲ್ಲಿ ಇದ್ದದ್ದೆಷ್ಟು, ಮರಳಿದಾಗ ಉಳಿದದ್ದೆಷ್ಟು ಎಂಬುದು ಮಾತ್ರ.