ಮುಚ್ಚಳ ತಿರುವುವ ಮುನ್ನ ಓದಿ!

ಕಬ್ಬು ಅರೆಯುವ ಹಂಗಾಮು ಮುಗಿಯುವ ಹೊತ್ತಿಗೆ ಮುಧೋಳದಲ್ಲಿ ಬಿಸಿಲು ಏರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಕಾರಿಗೆ ಎದುರುಗಾಳಿ ಸಿಗದು. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಆಗ ನಮ್ಮ ಹುಡುಗರು ಮಾಡುವುದೇನು? ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೇ ಕೈ ಹಾಕುತ್ತಾರೆ!

ಗೆಳೆಯರೇ, ಆ ಮುಚ್ಚಳ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಅದರಿಂದಲೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದು. ಮುಚ್ಚಳ ತೆಗೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಗಾಡಿ ಬದಿಗೆ ಹಾಕಿ. ಎಂಜಿನ್ ಆರಿಸಿ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಟ್ಟೀತು. ಆರಿದ ಮೇಲೆ ನೋಡಿ: ಪೈಪು ಸೋರಿದೆಯೇ? ಬೆಲ್ಟ್ ಹರಿದಿದೆಯೇ? ರೇಡಿಯೇಟರಿನ ಜಾಲರಿಗೆ ರವದಿ, ಧೂಳು ಮೆತ್ತಿದೆಯೇ? ಎಂಜಿನ್ ಆಯಿಲ್ ಹಾಲು ಬೆರೆತ ಚಹದಂತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಓಡಿಸದೆ ಎಳೆಸಿಕೊಂಡು ಹೋಗಿ.

ಬೋರ್‌ವೆಲ್ಲಿನ ಗಡಸು ನೀರು ತುಂಬಬೇಡಿ. ಒಳಗೆ ಸುಣ್ಣ ಕಟ್ಟುತ್ತದೆ. ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ. ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್, ಆಯಿಲ್, ಬ್ರೇಕ್ ಆಯಿಲ್ ಮೂರೂ ಎರಡು ಗೆರೆಗಳ ನಡುವೆ ಇವೆಯೇ ನೋಡಿ.

ಇಷ್ಟೆಲ್ಲ ಗಾಡಿಯ ಕೈಪಿಡಿಯಲ್ಲೇ ಇದೆ. ಆದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ! ಮುಚ್ಚಳದ ಮೇಲಿನ ಎಚ್ಚರಿಕೆಯೂ ಹಾಗೇ. ಓದಲಾಗದ ಎಚ್ಚರಿಕೆ ಇದ್ದರೇನು, ಬಿಟ್ಟರೇನು? ರನ್ನ ಹುಟ್ಟಿದ ನೆಲದಲ್ಲಿ ಲಕ್ಷಾಂತರ ರೂಪಾಯಿ ಎಣಿಸಿಕೊಳ್ಳುವವರಿಗೆ ನಾಲ್ಕು ಸಾಲು ಕನ್ನಡ ಅಚ್ಚು ಹಾಕಿಸುವುದು ಭಾರವೇ? ಇನ್ನು ಮುಂದೆ ಗಾಡಿಯ ಕೀಲಿ ಪಡೆಯುವ ಮುನ್ನ ಕನ್ನಡ ಕೈಪಿಡಿ ಕೇಳಿ. ಅದು ಭಾಷೆಯ ಮಾನದ ಪ್ರಶ್ನೆಯಷ್ಟೇ ಅಲ್ಲ, ನಿಮ್ಮ ಕಣ್ಣಿನ ಪ್ರಶ್ನೆ!