ಡರ್ಬಿಗೆ ಹೋಗಿ, ಪಣ ಕಟ್ಟಬೇಡಿ

ಪ್ರತಿ ವರ್ಷ ಫೆಬ್ರವರಿ ಸಮೀಪಿಸಿತೆಂದರೆ ಮುಂಬಯಿಯಲ್ಲಿ ಒಂದು ಬಗೆಯ ಉಪದೇಶದ ಸುಗ್ಗಿ ಆರಂಭವಾಗುತ್ತದೆ. ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಸಾಮಾನ್ಯವಾಗಿ ಆ ತಿಂಗಳ ಮೊದಲ ಭಾನುವಾರ ನಡೆಯುವ ಇಂಡಿಯನ್ ಡರ್ಬಿಗೆ ಪ್ರಥಮ ಬಾರಿಗೆ ಹೋಗುವವರು ಯಾವ ಉಡುಪು ತೊಡಬೇಕು, ಎಂಥ ಟೋಪಿ ಒಪ್ಪುತ್ತದೆ, ಎಲ್ಲಿ ಕುಳಿತರೆ ಗಣ್ಯರು ಕಾಣಿಸುತ್ತಾರೆ, ‘ಸುಮ್ಮನೆ ಮೋಜಿಗಾಗಿ’ ಎಷ್ಟು ಪಣ ಕಟ್ಟಬಹುದು ಎಂಬುದನ್ನೆಲ್ಲ ಹೇಳಿಕೊಡುವವರಿಗೆ ಕೊರತೆಯಿಲ್ಲ. ಈ ಉಪದೇಶಗಳಲ್ಲಿ ಕಾಣದಿರುವುದು ಎರಡೇ ಸಂಗತಿಗಳು: ಒಂದು ಕುದುರೆ, ಇನ್ನೊಂದು ಲೆಕ್ಕ. ನಮ್ಮ ತರುಣರೂ ಈಗ ಡರ್ಬಿಗೆ ಹೊರಡುತ್ತಿರುವುದರಿಂದ ಈ ಎರಡರ ಬಗ್ಗೆಯೂ ನಾಲ್ಕು ಮಾತು ಆಡಲೇಬೇಕಾಗಿದೆ.

ಮೊದಲು ಲೆಕ್ಕವನ್ನೇ ನೋಡೋಣ. ರೇಸ್‌ಕೋರ್ಸಿನಲ್ಲಿ ಪಣ ಕಟ್ಟುವ ಮುಖ್ಯ ಕ್ರಮಕ್ಕೆ ಟೋಟ್ ಎಂದು ಹೆಸರು. ಎಲ್ಲರೂ ಕಟ್ಟಿದ ಹಣ ಒಂದೆಡೆ ಸೇರುತ್ತದೆ. ಅದರಿಂದ ಕ್ಲಬ್ಬಿನ ಪಾಲು ಕಳೆಯುತ್ತದೆ, ಸರಕಾರದ ತೆರಿಗೆ ಕಳೆಯುತ್ತದೆ. ಉಳಿದುದನ್ನು ಗೆದ್ದವರಿಗೆ ಹಂಚಲಾಗುತ್ತದೆ. ಎಂದರೆ ಕುದುರೆ ಒಂದು ಹೆಜ್ಜೆ ಇಡುವ ಮೊದಲೇ ಪಣ ಕಟ್ಟಿದವರ ಸಮುದಾಯ, ಒಟ್ಟಾಗಿ, ಸೋತಾಗಿದೆ. ಗೆಲ್ಲುವವರ ಪಾಲಿಗೆ ಬರುವುದು ಸೋತವರ ಹಣವೇ, ಅದೂ ಕಡಿತವಾದ ಮೇಲೆ ಉಳಿದದ್ದು. ಪಣದ ಪೂರ್ಣ ಮೊತ್ತದ ಮೇಲೆ ಮೊದಲು ಶೇಕಡ 28ರಷ್ಟು ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡ 40ಕ್ಕೆ ಏರಿತು. ನೀವು ಗೆದ್ದರೂ ಸೋತರೂ ಸರಕಾರ ಗೆದ್ದೇ ಗೆಲ್ಲುತ್ತದೆ. ಇಂಥ ವ್ಯವಹಾರಕ್ಕೆ ಮೋಜೆಂಬ ಹೆಸರು ಹೇಗೆ ಒಪ್ಪೀತು?

ಇದಕ್ಕೆ ಸಿದ್ಧ ಉತ್ತರವೊಂದಿದೆ. 1996ರಲ್ಲಿ ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯವು ಅದೃಷ್ಟದ ಆಟವಲ್ಲ, ಕೌಶಲದ ಆಟವೆಂದು ತೀರ್ಪಿತ್ತಿದೆ. ಆದುದರಿಂದ ಇದು ಜೂಜಲ್ಲ ಎಂಬುದು ರೇಸಿನ ಅಭಿಮಾನಿಗಳ ವಾದ. ತೀರ್ಪು ಕಾನೂನಿನ ದೃಷ್ಟಿಯಿಂದ ಮಾನ್ಯವೇ ಸರಿ. ಆದರೆ ಕೌಶಲ ಯಾರದು? ಕುದುರೆಯದು, ಜಾಕಿಯದು, ಪಳಗಿಸಿದವನದು. ಹೆಚ್ಚೆಂದರೆ ವರ್ಷಗಟ್ಟಲೆ ಕುದುರೆಗಳ ವಂಶ, ಓಟ, ಹೊತ್ತ ಭಾರಗಳನ್ನು ಅಭ್ಯಾಸ ಮಾಡಿದ ಪಳಗಿದ ಪಂಟರನದು. ಮೊದಲ ಬಾರಿ ಹೋದವನಿಗೆ ಇದಾವುದೂ ಇಲ್ಲ. ಅಭಿಮಾನಿಗಳ ವಾದವನ್ನು ಅಕ್ಷರಶಃ ಒಪ್ಪಿದರೂ ಹೊಸಬನು ಕಟ್ಟುವ ಪಣ ಕುರುಡು ಜೂಜೇ ಆಗುತ್ತದೆ. ಅವನ ಅಜ್ಞಾನವೇ ಪಳಗಿದವರ ಲಾಭ.

ಇನ್ನೂ ಒಂದು ಪ್ರಶ್ನೆಯಿದೆ. ಹತ್ತಿಯ ದರದ ಅಂಕಿಗಳ ಮೇಲಿನ ಜೂಜಾಗಿ ಹುಟ್ಟಿ, 1960ರ ದಶಕದಲ್ಲಿ ಮಡಕೆಯಿಂದ ಚೀಟಿ ಎತ್ತುವ ರೂಪ ತಾಳಿದ ಮಟಕಾ ಇದೇ ನಗರದ್ದು. ಗಿರಣಿ ಕಾರ್ಮಿಕನು ಅದರಲ್ಲಿ ಅಂಕಿ ಬರೆಸಿದರೆ ಅಪರಾಧಿ. ಆದರೆ ಮುಂಬಯಿಯ 1887ರ ಜೂಜು ನಿಷೇಧ ಕಾಯಿದೆ ರೇಸಿನ ದಿನ ಅನುಮತಿ ಪಡೆದ ಆವರಣದೊಳಗೆ ಕಟ್ಟುವ ಪಣವನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಬೀದಿಯ ಜೂಜಿಗೆ ಪೋಲೀಸರ ದಾಳಿ, ಅಂಗಳದ ಜೂಜಿಗೆ ಪೋಲೀಸರ ಬಂದೋಬಸ್ತು! ಮಟಕಾ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದು ಹಾಳುಮಾಡಿದ ಮನೆಗಳು ನಮ್ಮವರಲ್ಲೂ ಇವೆ. ಆದರೆ ಜೂಜಿನ ವಿಷ ಇಳಿಯುವುದು ಆಡುವವನ ಉಡುಪಿನಿಂದಲ್ಲ. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ದ್ರೌಪದಿಯನ್ನೂ ಕಳೆದುಕೊಂಡದ್ದು ಯಾವುದೋ ಸಂದಿಯ ಅಡ್ಡೆಯಲ್ಲಲ್ಲ, ಭೀಷ್ಮ ದ್ರೋಣರು ಕುಳಿತಿದ್ದ ಸಭೆಯಲ್ಲಿ. ಗಣ್ಯರ ಸಮ್ಮುಖವು ಜೂಜಿಗೆ ಮರ್ಯಾದೆ ತರುತ್ತದೆಯೇ ಹೊರತು ಸೋತವನಿಗೆ ರಕ್ಷಣೆ ತರುವುದಿಲ್ಲ.

ಹಾಗಾದರೆ ಡರ್ಬಿಗೆ ಹೋಗಲೇಬಾರದೆ? ಹಾಗೆನ್ನುವ ಮಡಿವಂತರೊಡನೆಯೂ ನನಗೆ ಜಗಳವಿದೆ. ಹೋಗಿ, ಆದರೆ ನೋಡುವವರಾಗಿ ಹೋಗಿ. ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದು, ಸೇತುವೆಯ ಮೇಲಿಂದ ಧೋಬಿಘಾಟಿನ ಬಟ್ಟೆಗಳ ಸಾಲನ್ನು ಕಂಡು ಮುಂದೆ ನಡೆಯಿರಿ; ಈ ನಗರದ ಎರಡು ಮುಖಗಳು ಎಷ್ಟು ಹತ್ತಿರವಿವೆಯೆಂಬುದು ತಿಳಿದೀತು. ಪಣ ಕಟ್ಟುವ ಕಿಂಡಿಗೆ ಬೆನ್ನು ಮಾಡಿ, ಪಂದ್ಯಕ್ಕೆ ಮುಂಚೆ ಕುದುರೆಗಳನ್ನು ಸುತ್ತಿಸುವ ಪ್ಯಾಡಕ್ಕಿನ ಕಟಕಟೆಯ ಬಳಿ ನಿಲ್ಲಿರಿ. ರೇಸ್ ಪುಸ್ತಕದಲ್ಲಿ ಕುದುರೆಯ ತಂದೆತಾಯಿ, ಸಾಕಿದ ಲಾಯ, ಹೊರುವ ಭಾರ, ಜಾಕಿಯ ಅಂಗಿಯ ಬಣ್ಣ ಎಲ್ಲವೂ ಇರುತ್ತವೆ. ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ನಮ್ಮ ಕುಣಿಗಲ್ಲಿನ ಹೆಸರು ಅಲ್ಲಿ ಸಿಕ್ಕರೆ ಹೆಮ್ಮೆಪಡಿ. ಲಗಾಮು ಹಿಡಿದು ನಡೆಯುವ ಲಾಯದ ಆಳನ್ನೂ ನೋಡಿ: ಕುದುರೆಯ ಮೈಯುಜ್ಜುವವನು ಅವನು, ಗೆದ್ದ ಬಟ್ಟಲಿಗೆ ಕೈಚಾಚುವವನು ಒಡೆಯ. ನಾಲ್ಕು ವರ್ಷದ ಕುದುರೆಗಳು 2400 ಮೀಟರುಗಳನ್ನು ಸುಮಾರು ಎರಡೂವರೆ ನಿಮಿಷಗಳಲ್ಲಿ ಮುಗಿಸುವಾಗ ಕೊನೆಯ ತಿರುವಿನ ಬಳಿಕ ಚಾವಟಿಗಳು ಏಳುವುದನ್ನು ಕಾಣುವಿರಿ. ಆಗ ನಮ್ಮ ಕಂಬಳವನ್ನು ನೆನೆಯಿರಿ. 2014ರ ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೆ ಅದು ನಿಂತುಹೋಗಿ, 2017ರ ಕರ್ನಾಟಕದ ತಿದ್ದುಪಡಿಯಿಂದ ಮರಳಿ, 2023ರ ಮೇ 18ರ ಸಂವಿಧಾನ ಪೀಠದ ತೀರ್ಪಿನಿಂದ ಉಳಿದುಕೊಂಡಿತು. ಕೋಣದ ನೋವನ್ನು ಕುರಿತು ವರ್ಷಗಟ್ಟಲೆ ವಾದಿಸಿದ ನಗರದ ನಾಗರಿಕತೆ ಕುದುರೆಯ ನೋವನ್ನು ಕುರಿತು ಅಷ್ಟೇ ನಿಷ್ಠುರವಾಗಿ ಏಕೆ ಕೇಳುತ್ತಿಲ್ಲ?

ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ: ಆ ನೆಲ ಸಾರ್ವಜನಿಕರದು. ಅಲ್ಲಿ ಕ್ಲಬ್ಬು ಗುತ್ತಿಗೆದಾರ ಮಾತ್ರ. ಹಳೆಯ ಗುತ್ತಿಗೆ 2013ರಲ್ಲಿ ಮುಗಿದು, ದೀರ್ಘ ಜಗ್ಗಾಟದ ಅನಂತರ, 2024ರಲ್ಲಿ 120 ಎಕರೆ ಉದ್ಯಾನಕ್ಕೆಂದು ನಗರಪಾಲಿಕೆಗೆ ಮರಳಿತು. 91 ಎಕರೆ ಕ್ಲಬ್ಬಿನ ಬಳಿ ಉಳಿಯಿತು. ಉಸಿರಾಡಲು ಬಯಲಿಲ್ಲದ ಈ ಮಹಾನಗರದಲ್ಲಿ ಆ ಹಸಿರಿನ ಮೇಲೆ ಕಣ್ಣಿಡಬೇಕಾದವರು ನಾವೂ ಹೌದು. ಅಲ್ಲಿಗೆ ಅತಿಥಿಗಳಂತೆ ಅಂಜುತ್ತ, ಎರವಲು ಉಡುಪು ತೊಟ್ಟು ಹೋಗಬೇಕಾಗಿಲ್ಲ.

ಹೊರನಾಡಿನಲ್ಲಿ ನಮ್ಮವರು ನೆಲೆ ಕಂಡದ್ದು ಅದೃಷ್ಟದ ಓಟದಿಂದಲ್ಲ. ಹಗಲು ಹೋಟೆಲುಗಳಲ್ಲಿ ತಟ್ಟೆ ಎತ್ತಿ, ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಕಣ್ಣುರೆಪ್ಪೆ ಬಿಗಿಹಿಡಿದು ಓದಿದ ತಲೆಮಾರು ಪೈಸೆಗೆ ಪೈಸೆ ಕೂಡಿಸಿ ಮನೆಗಳನ್ನೂ ಸಂಘಗಳನ್ನೂ ಕಟ್ಟಿತು. ಆ ಹಣಕ್ಕೊಂದು ಬೆವರಿನ ವಾಸನೆಯಿದೆ. ಅದನ್ನು ಎರಡೂವರೆ ನಿಮಿಷದ ಧೂಳಿಗೆ ತೂರುವುದನ್ನು ಆಧುನಿಕತೆಯೆಂದು ಕರೆಯುವವರಿಗೆ ನಮ್ಮ ತರುಣರು ಸ್ಪಷ್ಟವಾಗಿ ಹೇಳಲಿ: ಕುದುರೆಯನ್ನು ನೋಡಲು ಬಂದಿದ್ದೇವೆ, ಮೇವಾಗಲು ಅಲ್ಲ.